ಸತ್ತವನ ಹೆಸರು ಹೊತ್ತ ಹುಡುಗಿ

ಊರು ಹೊತ್ತಿ ಉರಿಯುತ್ತಿದೆ. ಹದಿನೈದು ವರ್ಷದ ಹುಡುಗನೊಬ್ಬನ ತಲೆ ಉರುಳಿದೆ. ಅವನೇನು ಸಾಮಾನ್ಯ ಹುಡುಗನಲ್ಲ. ಅವನು ಹುಟ್ಟಿದ ದಿನವೇ ಊರಿನ ಕುರುಡ ಕಾಲಜ್ಞಾನಿ, ನಾಡನ್ನು ಉಳಿಸುವ ವಿಧಿಯ ಕೂಸು ಬಂತು ಎಂದು ಸಾರಿದ್ದ. ಅಂದಿನಿಂದ ಊರಿಗೆ ಊರೇ ಅವನ ಮುಖ ನೋಡಿಕೊಂಡು ಬದುಕಿತ್ತು. ಈಗ ಆ ಮುಖವೇ ಇಲ್ಲ. ಜನ ಕೈಚೆಲ್ಲಿ ಕೂತಿದ್ದಾರೆ. ಆಗ ಅವನ ಜೊತೆಯಲ್ಲೇ ಹುಟ್ಟಿದ, ಈವರೆಗೆ ಯಾರೂ ಸರಿಯಾಗಿ ತಿರುಗಿಯೂ ನೋಡದ ಹುಡುಗಿ ಮುಂದೆ ಬರುತ್ತಾಳೆ, ತಲೆಗೂದಲನ್ನು ಮುಷ್ಟಿಯಲ್ಲಿ ಹಿಡಿದು ಕೊಯ್ದೆಸೆಯುತ್ತಾಳೆ, ಸತ್ತದ್ದು ಸರಾಸಾ ಎಂಬ ಹುಡುಗಿ, ತತಾರಾ ಬದುಕಿದ್ದಾನೆ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ.

ಅವಳೇ ಸರಾಸಾ! ತನ್ನ ಸಾವನ್ನು ತಾನೇ ಸಾರಿ, ಸತ್ತ ಅಣ್ಣನ ಹೆಸರನ್ನು ಮೈಮೇಲೆ ಎಳೆದುಕೊಂಡು, ಅದೇ ಉಸಿರಿನಲ್ಲಿ ದಂಡು ಕಟ್ಟಿ ಹೊರಡುತ್ತಾಳೆ. ಇದಿಷ್ಟೂ ಮೊದಲ ಸಂಪುಟದಲ್ಲೇ ಮುಗಿದುಹೋಗುತ್ತದೆ. ಇನ್ನೂ ಇಪ್ಪತ್ತಾರು ಸಂಪುಟಗಳಿವೆ. ಪುಸ್ತಕ ಕೆಳಗಿಡಲು ಯಾರಿಗಾದರೂ ಮನಸ್ಸಾದೀತೇ?

ಹೆಸರು ‘ಬಸಾರಾ’. ಬರೆದು ಚಿತ್ರಿಸಿದವರು ಯುಮಿ ತಮುರಾ, ಜಪಾನಿನ ವಾಕಾಯಾಮಾ ಪ್ರಾಂತ್ಯದಲ್ಲಿ ಹುಟ್ಟಿದ ಕಲಾವಿದೆ. 1983ರಲ್ಲಿ ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳ, ಲೋಕಕ್ಕೆ ಕಾಲಿಟ್ಟವರು. 1990ರಿಂದ 1998ರವರೆಗೆ ‘ಬೆಸ್ಸತ್ಸು ಶೋಜೊ ಕಾಮಿಕ್’ ಎಂಬ ಮಾಸಿಕದಲ್ಲಿ ಇದು ಧಾರಾವಾಹಿಯಾಗಿ ಬಂತು, ಶೋಗಾಕುಕಾನ್ ಪ್ರಕಾಶನ 27 ಸಂಪುಟಗಳಾಗಿ ತಂದಿತು, ನಡುವೆ 1992ನೇ ಸಾಲಿನ ಶೋಗಾಕುಕಾನ್ ಮಾಂಗಾ ಪ್ರಶಸ್ತಿಯೂ ಸಿಕ್ಕಿತು. ಇಷ್ಟನ್ನು ಯಾವ ಮಾಹಿತಿಪುಟವಾದರೂ ಹೇಳೀತು. ಹದಿಹರೆಯದ ಹುಡುಗಿಯರ ಪತ್ರಿಕೆಯೊಂದರಲ್ಲಿ, ಪ್ರೇಮಕಥೆಗಳ ನಡುವೆ, ತಿಂಗಳಿಗೊಂದು ಕಂತಿನಂತೆ ಒಂದು ರಾಜಪ್ರಭುತ್ವವನ್ನು ಬುಡಸಮೇತ ಕೀಳುವ ಕಥೆ ಎಂಟು ವರ್ಷ ಓಡಿತು ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಆ ಲೋಕ ನೋಡಿ. ಅದು ಕಾಲ್ಪನಿಕ ದೇಶವಲ್ಲ, ಜಪಾನೇ. ಆದರೆ ಯಾವುದೋ ಮಹಾದುರಂತದಲ್ಲಿ ನಾಗರಿಕತೆಯೆಲ್ಲ ಮಣ್ಣುಪಾಲಾಗಿ, ಶತಮಾನಗಳೇ ಕಳೆದ ಮೇಲಿನ ಜಪಾನು. ಹಸಿರಿಗೆ, ಮಳೆಗೆ, ಗದ್ದೆಗಳಿಗೆ ಹೆಸರಾದ ಆ ನೆಲದಲ್ಲಿ ಈಗ ಮರಳುಗಾಡು! ನೀರಿಗೆ ಹೊಡೆದಾಟ, ಕುದುರೆ ಮೇಲೆ ಅಲೆಮಾರಿಗಳ ತಂಡ, ಸಮುದ್ರದಲ್ಲಿ ಕಡಲ್ಗಳ್ಳರು. ಸಿಂಹಾಸನದಲ್ಲಿ ಬಂಗಾರದ ರಾಜ. ಅವನು ತನ್ನ ಮಕ್ಕಳಿಗೆ ನಾಡನ್ನು ಹಂಚಿಕೊಟ್ಟಿದ್ದಾನೆ: ಕಪ್ಪು ರಾಜ, ಬಿಳಿ ರಾಜ, ನೀಲಿ ರಾಜ, ಕೆಂಪು ರಾಜ. ಬಿಳಿ ರಾಜ ಎನಿಸಿಕೊಂಡವಳು ಹೆಣ್ಣು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ. ಕಾಲ ಮುಂದಿನದು, ಆದರೆ ಊಳಿಗಮಾನ್ಯದ ಕತ್ತಲೆ ಹಿಂದಿನದೇ. ನಕ್ಷೆಯೂ ಗುರುತು ಸಿಗುವಂಥದೇ. ದಕ್ಷಿಣದ ಕ್ಯೂಶೂವಿನಿಂದ ಹಿಡಿದು ಉತ್ತರದ ಹಿಮದ ನಾಡಿನವರೆಗೆ ಕಥೆ ಅಲೆಯುತ್ತದೆ. ನಾಯಕಿಯ ಜೊತೆಗಾರರಲ್ಲಿ ಒಬ್ಬನ ಹೆಸರು ನಾಚಿ. ಕಥೆಗಾರ್ತಿಯ ತವರಾದ ವಾಕಾಯಾಮಾದಲ್ಲಿ, ಕುಮಾನೊ ಬೆಟ್ಟಗಳ ನಡುವೆ, ಅದೇ ಹೆಸರಿನ ಜಲಪಾತವಿದೆ. 133 ಮೀಟರ್ ಎತ್ತರದಿಂದ ಒಂದೇ ನೆಗೆತಕ್ಕೆ ಧುಮುಕುವ, ಜನ ದೇವರೆಂದು ಕೈಮುಗಿಯುವ ನೀರು ಅದು. ತನ್ನೂರಿನ ಜಲಪಾತದ ಹೆಸರನ್ನು ತುಂಟ ಹುಡುಗನೊಬ್ಬನಿಗೆ ಇಟ್ಟುಬಿಟ್ಟರು ತಮುರಾ ಎಂದುಕೊಳ್ಳಲು ನನಗಂತೂ ಬಲು ಇಷ್ಟ.

ಸರಾಸಾಳ ಊರು ಬ್ಯಾಕ್ಕೊ. ಬ್ಯಾಕ್ಕೊ ಎಂದರೆ ಬಿಳಿ ಹುಲಿ, ಪೂರ್ವ ಏಷ್ಯಾದ ನಂಬಿಕೆಯಲ್ಲಿ ಪಡುವಣ ದಿಕ್ಕಿನ ಕಾವಲುಗಾರ. ತೆಂಕಣಕ್ಕೆ ಕೆಂಪು ಹಕ್ಕಿ ಸುಝಾಕು, ಮೂಡಣಕ್ಕೆ ನೀಲಿ ಡ್ರ್ಯಾಗನ್ ಸೇರ್ಯು, ಬಡಗಣಕ್ಕೆ ಕಪ್ಪು ಆಮೆ ಗೆಂಬು. ಪ್ರಾಚೀನ ಚೀನಾದಿಂದ ಬಂದ ಈ ನಾಲ್ವರು ದಿಕ್ಕುಕಾಯುವವರನ್ನು ತಮುರಾ ನಾಲ್ಕು ಖಡ್ಗಗಳಾಗಿಸಿ ನಾಡಿನ ನಾಲ್ಕು ಮೂಲೆಗೆ ಎಸೆದಿದ್ದಾರೆ. ಬ್ಯಾಕ್ಕೊ ಖಡ್ಗ ಸರಾಸಾಳ ಕೈಯಲ್ಲಿದೆ. ಮಿಕ್ಕ ಮೂರನ್ನು ಹುಡುಕಬೇಕು, ಹಿಡಿದವರನ್ನು ಒಲಿಸಬೇಕು, ಒಗ್ಗೂಡಿಸಬೇಕು. ಸಾಹಸಕಥೆಗೆ ಇದಕ್ಕಿಂತ ಹಳೆಯ ಹಂದರ ಇನ್ನೊಂದಿಲ್ಲ, ನಿಜ. ಆದರೆ ಇಲ್ಲಿ ಖಡ್ಗ ನೆಪ ಮಾತ್ರ. ಒಂದೊಂದು ಖಡ್ಗದ ಹಿಂದೆ ಒಂದೊಂದು ಊರು, ಒಂದೊಂದು ಬಗೆಯ ಬಡತನ, ರಾಜನ ಮೇಲೆ ಒಂದೊಂದು ಬಗೆಯ ಸಿಟ್ಟು ಇದೆ. ಖಡ್ಗಗಳ ಬೆನ್ನು ಹತ್ತಿ ಹೋದವಳಿಗೆ ಸಿಗುವುದು ಜನ.

ಇನ್ನು ವೇಷದ ಮಾತು. ಹುಡುಗಿ ಹುಡುಗನ ವೇಷ ತೊಡುವ ಕಥೆ ಎಂದಾಗ ನಮಗೆ ಹೊಳೆಯುವುದು ನಗೆಪಾಟಲು. ಮೀಸೆ ಕಳಚಿ ಬೀಳುವುದು, ಇನ್ನೊಬ್ಬಳು ಮರುಳಾಗಿ ಹಿಂದೆ ಬೀಳುವುದು, ಕೊನೆಗೆ ಪರದೆ ಸರಿದು ಎಲ್ಲರೂ ನಗುವುದು. ‘ಬಸಾರಾ’ದಲ್ಲಿ ವೇಷವೆಂದರೆ ಸೂತಕ. ಸರಾಸಾ ತೊಟ್ಟಿರುವುದು ಸತ್ತ ಅಣ್ಣನನ್ನು. ಅವನಂತೆ ನಿಲ್ಲಬೇಕು, ಅವನಂತೆ ಮಾತಾಡಬೇಕು, ಅವನು ಅಳುತ್ತಿರಲಿಲ್ಲವಾದ್ದರಿಂದ ಇವಳೂ ಅಳಕೂಡದು. ಗುಟ್ಟು ಬಲ್ಲವರು ಬೆರಳೆಣಿಕೆಯ ಮಂದಿ. ಸಾವಿರಾರು ಜನ ತತಾರಾ, ತತಾರಾ ಎಂದು ಜಯಕಾರ ಹಾಕುವಾಗ ಆ ಹೆಸರು ಅವಳ ಕಿವಿಯಲ್ಲಿ ಹೇಗೆ ಕೇಳಿಸುತ್ತಿದ್ದಿರಬಹುದು! ಪ್ರತಿ ಗೆಲುವೂ ಅಣ್ಣನ ಲೆಕ್ಕಕ್ಕೆ ಜಮೆಯಾಗುತ್ತದೆ. ಪ್ರತಿ ತಪ್ಪು ಮಾತ್ರ ಇವಳ ಎದೆಗೇ ಬಂದು ಬೀಳುತ್ತದೆ.

ಓದುತ್ತ ಓದುತ್ತ ಒಂದು ಅನುಮಾನ ಹುಳುವಿನಂತೆ ತಲೆಯೊಳಗೆ ಹೊಕ್ಕಿತು. ಅಂದು ಆ ಕಾಲಜ್ಞಾನಿ ನಾಗಿ ಹೇಳಿದ್ದಾದರೂ ಏನು? ವಿಧಿಯ ಕೂಸು ಹುಟ್ಟಿತು ಎಂದ. ಹುಟ್ಟಿದವು ಎರಡು ಕೂಸುಗಳು. ಊರಿನವರು ಗಂಡು ಮಗುವಿನ ಕಡೆ ತಿರುಗಿದರು, ಯಾರೂ ಎರಡನೇ ಸಲ ಕೇಳಲೇ ಇಲ್ಲ! ಹದಿನೈದು ವರ್ಷ ಒಂದು ಊರು ನಂಬಿದ್ದು ಬರೀ ತನ್ನ ಅಭ್ಯಾಸವನ್ನೇ? ತಮುರಾ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ಮೊದಲ ಪುಟಗಳಲ್ಲೇ ಸುಮ್ಮನೆ ಇಟ್ಟು ಮುಂದೆ ಹೋಗಿಬಿಡುತ್ತಾರೆ. ಅದು ಅಲ್ಲೇ ಕೂತು ಬೆಳೆಯುತ್ತದೆ.

ಉಸಿರು ಬಿಗಿಹಿಡಿಯುವ ಭಾಗ ಇನ್ನು ಮುಂದಿದೆ. ಗಾಯಗೊಂಡ ಮೈ ತೊಳೆಯಲು ಸರಾಸಾ ಒಂದು ಬಿಸಿನೀರಿನ ಬುಗ್ಗೆಗೆ ಇಳಿಯುತ್ತಾಳೆ. ಅಲ್ಲಿ ಕವಚವಿಲ್ಲ, ಖಡ್ಗವಿಲ್ಲ, ತತಾರಾ ಇಲ್ಲ. ಅಲ್ಲೊಬ್ಬ ತರುಣ ಎದುರಾಗುತ್ತಾನೆ. ಹೆಸರು ಶೂರಿ. ಒರಟ, ಜಂಬಗಾರ, ಆದರೆ ನಗಿಸುತ್ತಾನೆ. ಮತ್ತೆ ಸಿಗುತ್ತಾರೆ, ಇನ್ನೊಂದು ಊರಲ್ಲಿ ಮತ್ತೊಮ್ಮೆ. ಅವನೆದುರು ಮಾತ್ರ ಅವಳು ಹುಡುಗಿ. ಅವಳೆದುರು ಮಾತ್ರ ಅವನೂ ಬರೀ ಹುಡುಗ. ಯಾಕೆಂದರೆ ಶೂರಿಯೇ ಕೆಂಪು ರಾಜ! ಅವಳ ಊರು ಸುಟ್ಟವನು, ಅಣ್ಣನ ತಲೆ ತೆಗೆಸಿದವನು, ತತಾರಾನನ್ನು ಮುಗಿಸುವುದೇ ಗುರಿ ಎಂದುಕೊಂಡವನು. ಅವಳಿಗೆ ಇವನು ಯಾರೆಂದು ಗೊತ್ತಿಲ್ಲ, ಇವನಿಗೆ ಅವಳು ಯಾರೆಂದು ಗೊತ್ತಿಲ್ಲ. ಹಗಲು ಒಬ್ಬರನ್ನೊಬ್ಬರು ಕೊಲ್ಲಲು ದಂಡು ನಡೆಸುತ್ತಾರೆ. ದಣಿದಾಗ ಒಬ್ಬರನ್ನೊಬ್ಬರು ನೆನೆದುಕೊಳ್ಳುತ್ತಾರೆ.

ಎರಡೂ ಗುಟ್ಟು ಗೊತ್ತಿರುವುದು ನಮಗೆ, ಓದುಗರಿಗೆ ಮಾತ್ರ. ಇದೊಂದು ಹಿಂಸೆ. ಸಿಹಿಯಾದ ಹಿಂಸೆ. ಇಬ್ಬರೂ ಒಂದೇ ಚೌಕದಲ್ಲಿ ನಗುತ್ತ ಕೂತಾಗ ಎದ್ದು ಹೋಗಿ ಅವರ ನಡುವೆ ನಿಂತು ಕೂಗಿಬಿಡೋಣ ಅನ್ನಿಸುತ್ತದೆ. ಈ ಗುಟ್ಟನ್ನು ಎರಡು ಮೂರು ಸಂಪುಟ ಎಳೆದರೆ ಹೆಚ್ಚು ಎಂದುಕೊಂಡಿದ್ದೆ. ತಮುರಾ ಇದನ್ನು ಕಥೆಯ ನಡುಮಧ್ಯದವರೆಗೂ ಎಳೆದು, ಕೊನೆಗೆ ರಣರಂಗದಲ್ಲಿ, ಕೈಯಲ್ಲಿ ಖಡ್ಗ ಹಿಡಿದೇ ಇಬ್ಬರೂ ಎದುರಾಗುವಂತೆ ಮಾಡುತ್ತಾರೆ. ಆಮೇಲೆ ಏನಾಯಿತು? ಹೇಳುವುದಿಲ್ಲ. ದಮ್ಮಯ್ಯ ಅಂದರೂ ಹೇಳುವುದಿಲ್ಲ.

ಇದೆಲ್ಲ ನಡೆಯುವುದು ಹಾಳೆಯ ಮೇಲೆ ಎಂಬುದನ್ನು ಮರೆಯಬಾರದು. ಮಾಂಗಾ ಬಲದಿಂದ ಎಡಕ್ಕೆ ಓದುವಂಥದು. ಕಣ್ಣು ಓಡಿ ಬಂದು ನಿಲ್ಲುವುದು ಎಡಪುಟದ ಕೆಳಗಿನ ಮೂಲೆಯಲ್ಲಿ. ನುರಿತ ಮಾಂಗಾಕಾರರು ಅಲ್ಲೊಂದು ಸದ್ದನ್ನೋ, ತಿರುಗುತ್ತಿರುವ ತಲೆಯನ್ನೋ ಇಟ್ಟು ನಿಲ್ಲಿಸುತ್ತಾರೆ. ಏನೆಂದು ತಿಳಿಯಬೇಕಾದರೆ ಹಾಳೆ ಮಗುಚಲೇಬೇಕು. ಮಗುಚಿದೊಡನೆ ಎರಡು ಪುಟ ತುಂಬ ಒಂದೇ ಚಿತ್ರ! ಶೋಜೊ ಮಾಂಗಾ, ಅಂದರೆ ಹುಡುಗಿಯರಿಗಾಗಿ ಬೆಳೆದುಬಂದ ಪ್ರಕಾರ, ಇದಕ್ಕೆ ಇನ್ನೊಂದು ವಿದ್ಯೆಯನ್ನು ಸೇರಿಸಿತು. ಅಲ್ಲಿ ಮಾತು ಬಲೂನಿನೊಳಗೆ ಮಾತ್ರ ಇರುವುದಿಲ್ಲ. ಬಾಯಿಬಿಟ್ಟು ಆಡಿದ್ದು ಬಲೂನಿನಲ್ಲಿ, ಆಡದೆ ನುಂಗಿದ್ದು ಚಿತ್ರದ ಮೇಲೆ, ಬೆಳ್ಳಗಿನ ಬಯಲಲ್ಲಿ, ಗೆರೆಯ ಹಂಗಿಲ್ಲದೆ ತೇಲುತ್ತದೆ. ವೇಷದಲ್ಲಿರುವ ನಾಯಕಿಗೆ ಇದಕ್ಕಿಂತ ಹೊಂದುವ ಉಪಾಯ ಬೇರೆ ಉಂಟೆ? ಬಲೂನಿನೊಳಗೆ ತತಾರಾ ಅಪ್ಪಣೆ ಕೊಡಿಸುತ್ತಾನೆ, ಅದರ ಪಕ್ಕದಲ್ಲೇ ಬಲೂನಿಲ್ಲದ ಜಾಗದಲ್ಲಿ ಸರಾಸಾ ನಡುಗುತ್ತಾಳೆ. ಒಂದೇ ಮುಖ, ಎರಡು ದನಿ, ಒಂದೇ ಚೌಕ. ಸಿನಿಮಾದಲ್ಲಿ ಇದಕ್ಕೆ ಹಿನ್ನೆಲೆ ದನಿ ಬೇಕು, ನಾಟಕದಲ್ಲಿ ಸ್ವಗತ ಬೇಕು. ಇಲ್ಲಿ ಖಾಲಿ ಕಾಗದವೇ ಸಾಕು.

ಚಿತ್ರಗಳ ಬಗ್ಗೆ ನಿಷ್ಠುರವಾಗಿ ಒಂದು ಮಾತು. ಮೊದಲ ಸಂಪುಟಗಳ ಗೆರೆ ಒರಟು. ಮುಖಗಳು ಚೂಪು, ಗಲ್ಲ ಕತ್ತಿಯಂತೆ, ಜನರ ಗುಂಪು ಬಂದರೆ ಯಾರು ಯಾರೆಂದು ಮೊದಲಿಗೆ ಗೊಂದಲ. ಇಬ್ಬರು ಪ್ರೇಮಿಗಳು ಇಷ್ಟು ದೊಡ್ಡ ನಾಡಿನಲ್ಲಿ ಹೋದಹೋದಲ್ಲೆಲ್ಲ ಒಬ್ಬರಿಗೊಬ್ಬರು ಸಿಗುವುದನ್ನು ನಂಬಲು ಸ್ವಲ್ಪ ಧಾರಾಳ ಬೇಕು. ಧಾರಾಳ ತೋರಿಸಿ. ಕಥೆ ಬಡ್ಡಿ ಸಮೇತ ತೀರಿಸುತ್ತದೆ.

ಇಷ್ಟು ಓದಿದ ಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಈ ವೇಷದ ಹುಡುಗಿ ಎಲ್ಲಿಂದ ಬಂದಳು? ಕೆದಕುತ್ತಾ ಹೋದಂತೆ ನೆಲದಡಿಯಲ್ಲಿ ಒಂದರ ಕೆಳಗೊಂದು ಊರುಗಳೇ ಸಿಕ್ಕಂತಾಯಿತು.

ಮೊದಲ ಪದರ 1953. ಜಪಾನಿನಲ್ಲಿ ‘ಮಾಂಗಾ ದೇವರು’ ಎಂದೇ ಕರೆಯಲ್ಪಡುವ ಒಸಾಮು ತೆಝುಕಾ ಆ ವರ್ಷದ ಜನವರಿಯಲ್ಲಿ ‘ಶೋಜೊ ಕ್ಲಬ್’ ಪತ್ರಿಕೆಯಲ್ಲಿ ‘ರಿಬೊನ್ ನೊ ಕಿಶಿ’ ಶುರುಮಾಡುತ್ತಾರೆ. ಸಿಲ್ವರ್‌ಲ್ಯಾಂಡ್ ಎಂಬ ರಾಜ್ಯ. ಗಂಡಿಗೆ ಮಾತ್ರ ಪಟ್ಟ ಎಂಬುದು ಅಲ್ಲಿನ ಕಟ್ಟಳೆ. ಹುಟ್ಟಿದ್ದು ಹೆಣ್ಣು, ಹೆಸರು ಸಫೈರ್. ರಾಜ್ಯ ದುಷ್ಟನ ಪಾಲಾಗದಿರಲಿ ಎಂದು ಅವಳನ್ನು ರಾಜಕುಮಾರನಾಗಿ ಬೆಳೆಸುತ್ತಾರೆ. ಅದಕ್ಕೊಂದು ಮುನ್ನುಡಿಯೂ ಇದೆ: ಸ್ವರ್ಗದಲ್ಲಿ ಹುಟ್ಟಲಿರುವ ಮಕ್ಕಳಿಗೆ ಗಂಡು ಹೃದಯ, ಹೆಣ್ಣು ಹೃದಯ ಹಂಚುತ್ತಿರುವಾಗ ತುಂಟ ದೇವದೂತನೊಬ್ಬನ ಕಿತಾಪತಿಯಿಂದ ಈ ಮಗುವಿಗೆ ಎರಡೂ ಸಿಕ್ಕಿಬಿಟ್ಟಿವೆ! ಪಟ್ಟಕ್ಕೆ ಹೊಂಚುಹಾಕುವ ಖಳನ ಹೆಸರು ಡ್ಯೂಕ್ ಡ್ಯೂರಾಲ್ಯೂಮಿನ್, ಅವನ ಚೇಲ ನೈಲಾನ್, ಡ್ಯೂಕನ ಪೆದ್ದ ಮಗ ಪ್ಲಾಸ್ಟಿಕ್. ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಕಾರ್ಖಾನೆ ಕಟ್ಟುತ್ತಿದ್ದ ದೇಶದಲ್ಲಿ ಖಳರಿಗೆ ಹೊಸ ಕಾರ್ಖಾನೆ ಸಾಮಾನಿನ ಹೆಸರು. ಎಂಥ ತರಲೆ!

ಈ ತರಲೆಯ ಕೆಳಗೊಂದು ನಿಜದ ಕಲ್ಲಿದೆ. ಸಫೈರ್ ಬರುವುದಕ್ಕೆ ಆರೇ ವರ್ಷ ಮೊದಲು, 1947ರ ಮೇ 3ರಂದು, ಜಪಾನಿನ ಹೊಸ ರಾಜಮನೆತನದ ಕಾನೂನು ಜಾರಿಯಾಗಿತ್ತು. ಗಂಡುಸಂತಾನದ ಗಂಡಿಗೆ ಮಾತ್ರ ಪಟ್ಟ ಎಂದು ಅದು ಹೇಳುತ್ತದೆ, ಇಂದಿಗೂ. ಬಹಳ ಹಿಂದೆ ಹಾಗಿರಲಿಲ್ಲ. ಎಂಟು ಹೆಂಗಸರು ಆ ಸಿಂಹಾಸನದಲ್ಲಿ ಕೂತು ಆಳಿದ್ದಾರೆ. ಕೊನೆಯವಳು ಗೊ-ಸಕುರಾಮಾಚಿ, 1762ರಲ್ಲಿ ಪಟ್ಟವೇರಿದವಳು. ತೆಝುಕಾ ಕಾನೂನನ್ನು ನೆನೆದು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಅಂದು ಆ ಪತ್ರಿಕೆ ಬಿಡಿಸಿದ ಹುಡುಗಿಯರಿಗೆ ಸಿಲ್ವರ್‌ಲ್ಯಾಂಡ್ ತೀರಾ ದೂರದ ದೇಶವಾಗಿ ಕಂಡಿರಲಾರದು.

ತೆಝುಕಾಗೆ ಈ ವೇಷ ಸಿಕ್ಕಿದ್ದು ತನ್ನೂರಿನಲ್ಲೇ. ಅವರು ಐದು ವರ್ಷದವರಿದ್ದಾಗ ಕುಟುಂಬ ತಕರಾಝುಕಾ ಎಂಬ ಊರಿಗೆ ಬಂದು ನೆಲೆಸಿತು. ಇದು ಎರಡನೇ ಪದರ, ಇದು ನನ್ನನ್ನು ಬೆರಗಾಗಿಸಿದ ಪದರ. ಇಚಿಝೊ ಕೊಬಾಯಾಶಿ ಎಂಬ ರೈಲ್ವೆ ಉದ್ಯಮಿ ಒಸಾಕಾದಿಂದ ಆ ಊರಿನ ಬಿಸಿನೀರಿನ ಬುಗ್ಗೆಗಳವರೆಗೆ ಹಳಿ ಹಾಕಿದ್ದ. ರೈಲು ಹತ್ತಲು ಜನ ಬೇಕಲ್ಲ? ಸ್ನಾನಗೃಹದ ಜೊತೆಗೆ ಒಳಾಂಗಣ ಈಜುಕೊಳ ಕಟ್ಟಿಸಿದ. ಅದು ನಡೆಯಲಿಲ್ಲ. ಸರಿ, ಆ ಕೊಳದ ಮೇಲೆ ಹಲಗೆ ಹಾಸಿ ರಂಗಮಂದಿರ ಮಾಡಿದ! 1913ರಲ್ಲಿ 16 ಹುಡುಗಿಯರನ್ನು ಸೇರಿಸಿಕೊಂಡು ಹಾಡು, ಕುಣಿತ ಕಲಿಸಿದ. 1914ರ ಏಪ್ರಿಲ್‌ನಲ್ಲಿ ಮೊದಲ ಪ್ರದರ್ಶನ. ಅಲ್ಲಿ ಗಂಡಿನ ಪಾತ್ರವನ್ನೂ ಹೆಂಗಸರೇ ಮಾಡುತ್ತಾರೆ. ಅವರನ್ನು ಒತೊಕೊಯಾಕು ಎನ್ನುತ್ತಾರೆ. ಕೂದಲು ಮೋಟಾಗಿ ಕತ್ತರಿಸಿ, ದನಿ ತಗ್ಗಿಸಿ, ನಡಿಗೆಯನ್ನೇ ಬದಲಿಸಿಕೊಂಡ ನಟಿಯರು. ನಮ್ಮ ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟುವುದನ್ನು ಕಂಡು ಬೆಳೆದವರಿಗೆ ಇದು ಕನ್ನಡಿಯ ಆಚೆ ಬದಿ. ಅಲ್ಲಿ ಅಭಿಮಾನಿಗಳೂ ಹೆಚ್ಚಿನವರು ಹೆಂಗಸರೇ. ತಾಯಿಯ ಜೊತೆ ಹೋಗಿ ಈ ಆಟಗಳನ್ನು ನೋಡುತ್ತ ಬೆಳೆದ ಹುಡುಗ ಮುಂದೆ ಸಫೈರ್‌ಳನ್ನು ಬರೆದ. ಆ ತಂಡ ಇಂದಿಗೂ ಆಡುತ್ತಿದೆ. 1974ರಲ್ಲಿ ರಿಯೊಕೊ ಇಕೆಡಾ ಅವರ ‘ವರ್ಸೈಲ್ಸ್‌ನ ಗುಲಾಬಿ’ ಮಾಂಗಾವನ್ನು ರಂಗಕ್ಕೇರಿಸಿ, ಗಂಡಾಗಿ ಬೆಳೆದ ಸೇನಾಧಿಕಾರಿಣಿ ಆಸ್ಕರ್‌ಳನ್ನು ಜನರ ಕಣ್ಣಿಗೆ ಕಟ್ಟಿಕೊಟ್ಟಿತು. ರಂಗದಿಂದ ಮಾಂಗಾಕ್ಕೆ, ಮಾಂಗಾದಿಂದ ರಂಗಕ್ಕೆ. ಎಲ್ಲದರ ಬುಡದಲ್ಲೂ ಒಂದು ಬಿಸಿನೀರಿನ ಬುಗ್ಗೆ ಇದ್ದೇ ಇದೆ ಎಂಬುದು ನನ್ನ ಪೋಲಿ ಸಿದ್ಧಾಂತ.

ಇನ್ನೂ ಕೆಳಗೆ 1603. ಕ್ಯೋಟೊದಲ್ಲಿ ಒಕುನಿ ಎಂಬ ನರ್ತಕಿ ಗಂಡಸಿನ ಉಡುಪು ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಕುಣಿಯುತ್ತಾಳೆ. ಜನ ಮುಗಿಬೀಳುತ್ತಾರೆ. ಕಬುಕಿ ಹುಟ್ಟಿದ್ದು ಆ ಕುಣಿತದಿಂದ. 1629ರಲ್ಲಿ ಸರಕಾರ ಹೆಂಗಸರು ರಂಗವೇರಕೂಡದೆಂದು ಅಪ್ಪಣೆ ಹೊರಡಿಸಿತು. ಗಂಡಿನ ವೇಷದ ಹೆಣ್ಣು ಕಟ್ಟಿದ ಕಲೆ ಕೊನೆಗೆ ಹೆಣ್ಣಿನ ವೇಷದ ಗಂಡಸರ ಪಾಲಾಯಿತು!

ತಳದಲ್ಲಿ ಹನ್ನೆರಡನೇ ಶತಮಾನದ ‘ತೊರಿಕಾಎಬಾಯಾ’ ಎಂಬ ಕಥನ. ಬರೆದವರ ಹೆಸರು ಉಳಿದಿಲ್ಲ. ಒಬ್ಬ ಶ್ರೀಮಂತನಿಗೆ ಇಬ್ಬರು ಮಕ್ಕಳು. ಹುಡುಗ ಸಂಕೋಚದ ಮುದ್ದೆ, ಗೊಂಬೆ ಬಿಟ್ಟು ಏಳುವುದಿಲ್ಲ. ಹುಡುಗಿ ಕೊಳಲು, ಕವಿತೆ, ಚೆಂಡಾಟದಲ್ಲಿ ಮುಂದು. ಕೊನೆಗೆ ಹುಡುಗಿ ಗಂಡಾಗಿ ಅರಮನೆಯಲ್ಲಿ ದೊಡ್ಡ ಅಧಿಕಾರಿಯಾಗುತ್ತಾಳೆ, ಹುಡುಗ ಹೆಣ್ಣಾಗಿ ಅಂತಃಪುರ ಸೇರುತ್ತಾನೆ. ಎಲ್ಲ ಸುಸೂತ್ರ, ಅಧಿಕಾರಿ ಬಸಿರಾಗುವವರೆಗೆ! ಒಬ್ಬ ಸಹೋದ್ಯೋಗಿ ಗುಟ್ಟು ಕಂಡುಹಿಡಿದಿರುತ್ತಾನೆ. ಅವಳು ಉಜಿಯಲ್ಲಿ ತಲೆಮರೆಸಿಕೊಳ್ಳುತ್ತಾಳೆ. ಆಮೇಲೆ ಒಡಹುಟ್ಟಿದವರಿಬ್ಬರೂ ಸದ್ದಿಲ್ಲದೆ ಜಾಗ ಅದಲುಬದಲು ಮಾಡಿಕೊಂಡು ಅರಮನೆಗೆ ಮರಳುತ್ತಾರೆ, ಅರಮನೆಗೆ ಅದು ತಿಳಿಯುವುದೇ ಇಲ್ಲ. ನೊಬೆಲ್ ಪಡೆದ ಯಸುನಾರಿ ಕವಾಬಾತಾ ಇದನ್ನು ಹೊಸ ಜಪಾನಿಗೆ ತಂದರು. 2012ರಿಂದ ಚಿಹೊ ಸೈತೊ ಇದನ್ನೇ ಮಾಂಗಾ ಮಾಡಿದರು. ಎಂಟುನೂರು ವರ್ಷ ಹಳೆಯ ಅಣ್ಣ ತಂಗಿಯ ಅದಲುಬದಲು ಒಂದು ಕಡೆ, ಉರಿಯುವ ಬ್ಯಾಕ್ಕೊದಲ್ಲಿ ಅಣ್ಣನಾಗುವ ಸರಾಸಾ ಇನ್ನೊಂದು ಕಡೆ. ಇವಳಿಗೆ ಮಾತ್ರ ಜಾಗ ಹಿಂದಿರುಗಿಸಲು ಅಣ್ಣನೇ ಇಲ್ಲ. ಹಳೆಯ ಆಟಕ್ಕೆ ತಮುರಾ ತಂದ ಕ್ರೂರ ಬದಲಾವಣೆ ಇದು.

ಆ ಪತ್ರಿಕೆಯ ಬಗ್ಗೆಯೂ ಹೇಳಬೇಕು. ‘ಬೆಸ್ಸತ್ಸು ಶೋಜೊ ಕಾಮಿಕ್’ನಲ್ಲೇ 1972ರಲ್ಲಿ ಮೊತೊ ಹಾಗಿಯೊ ಅವರ ರಕ್ತಪಿಶಾಚಿಗಳ ‘ಪೊ ನೊ ಇಚಿಝೊಕು’ ಬಂದಿತ್ತು. ಹಾಗಿಯೊ ಮತ್ತು ಅವರ ಓರಗೆಯ ಕಲಾವಿದೆಯರು ಚೌಕಗಳ ಗೋಡೆ ಒಡೆದು, ನಾನು ಮೇಲೆ ಹೇಳಿದ ಆ ತೇಲುವ ಮಾತಿಗೆ ಹಾದಿ ಮಾಡಿಕೊಟ್ಟವರು. ‘ಬಸಾರಾ’ ಶುರುವಾದಾಗ ಅದೇ ಪತ್ರಿಕೆಯಲ್ಲಿ ಅಕಿಮಿ ಯೊಶಿದಾ ಅವರ ‘ಬನಾನಾ ಫಿಶ್’ ನಡೆಯುತ್ತಿತ್ತು. ನ್ಯೂಯಾರ್ಕಿನ ಬೀದಿ ಗ್ಯಾಂಗುಗಳ, ಬಂದೂಕಿನ ಕಥೆ ಅದು, 1994ರವರೆಗೂ ಬಂತು. ಹುಡುಗಿಯರ ಪತ್ರಿಕೆ ಎಂದು ಮೂಗು ಮುರಿಯುವವರು ಒಂದು ತಿಂಗಳ ಸಂಚಿಕೆ ಕೊಂಡಿದ್ದರೆ, ಒಂದೇ ಕಟ್ಟಿನಲ್ಲಿ ಮ್ಯಾನ್‌ಹಟನ್ನಿನ ಗುಂಡಿನ ಕಾಳಗವೂ ಮರಳುಗಾಡಿನ ಬಂಡಾಯವೂ ಸಿಗುತ್ತಿತ್ತು.

ಕಾಲವೂ ಅಂಥದೇ. 1989ರ ಜನವರಿಯಲ್ಲಿ ಶೋವಾ ಚಕ್ರವರ್ತಿ ತೀರಿಕೊಂಡಿದ್ದ. ನವೆಂಬರಿನಲ್ಲಿ ಬರ್ಲಿನ್ ಗೋಡೆ ಬಿದ್ದಿತ್ತು. ಟೋಕಿಯೊ ಷೇರುಪೇಟೆ ಆ ಡಿಸೆಂಬರಿನ ಕೊನೆಗೆ ಮುಗಿಲು ಮುಟ್ಟಿ ಮರುವರ್ಷ ಜಾರತೊಡಗಿತ್ತು. ಕಥೆ ಓಡುತ್ತಿರುವಾಗಲೇ, 1995ರಲ್ಲಿ, ಕೋಬೆ ಭೂಕಂಪವೂ ಟೋಕಿಯೊ ಸುರಂಗ ರೈಲಿನ ವಿಷಾನಿಲ ದಾಳಿಯೂ ಆದವು. ಗಟ್ಟಿಯೆಂದು ನಂಬಿದ್ದೆಲ್ಲ ಅಲುಗುತ್ತಿದ್ದ ವರ್ಷಗಳಲ್ಲಿ ತಿಂಗಳು ತಿಂಗಳೂ ಒಬ್ಬಳು ಕಲಾವಿದೆ ಕೂತು, ರಾಜ ಹೋದ ಮೇಲೆ ಏನು, ಯಾರು ಆಳಬೇಕು, ಆಳುವವರು ಬೇಕೇ ಬೇಕೆ ಎಂದು ಬರೆಯುತ್ತಿದ್ದರು. ಓದುತ್ತಿದ್ದವರು ಶಾಲೆಯ ಹುಡುಗಿಯರು.

ಸೇಡಿನ ಕಥೆ ಇಲ್ಲಿ ಸೇಡಿನ ಕಥೆಯಾಗಿಯೇ ಉಳಿಯುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಶಿದೊ ಎಂಬ ಒಬ್ಬನಿದ್ದಾನೆ. ಕೆಂಪು ರಾಜನ ದಾಯಾದಿ, ಗೆಳೆಯ. ಸೆಂಜು ಎಂಬ ಹುಡುಗಿಯನ್ನು ಮನಸಾರೆ ಮೆಚ್ಚಿ ಕೈಹಿಡಿದವನು. ತತಾರಾನ ಪಡೆಯ ಮೊದಲ ದೊಡ್ಡ ಗೆಲುವಿನಲ್ಲಿ ಅವನು ಸಾಯುತ್ತಾನೆ. ನಾವು ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ತಮುರಾ ನಮ್ಮನ್ನು ಸೆಂಜುವಿನ ಬಳಿ ಕರೆದೊಯ್ದು ಕೂರಿಸಿಬಿಡುತ್ತಾರೆ. ಅವಳು ಬಸುರಿ. ಸರಾಸಾ ಅಣ್ಣನನ್ನು ಕಳೆದುಕೊಂಡ ಹಾಗೆಯೇ ಇವಳು ಗಂಡನನ್ನು ಕಳೆದುಕೊಂಡಿದ್ದಾಳೆ, ಅದೂ ಸರಾಸಾಳಿಂದಲೇ. ಅಲ್ಲಿಂದ ಮುಂದೆ ಯಾವ ಯುದ್ಧದ ಚಿತ್ರವನ್ನೂ ನಿರಾಳವಾಗಿ ನೋಡಲಾಗುವುದಿಲ್ಲ. ಸತ್ತ ಸೈನಿಕನ ಹಿಂದೆ ಒಂದು ಮನೆ ಕಾಣಿಸತೊಡಗುತ್ತದೆ. ಅತ್ತ ಶೂರಿಯೂ ಬರೀ ಖಳನಲ್ಲ. ಅವನ ಮೈಮೇಲೆ ಸ್ವಂತ ಅಪ್ಪನೇ ಹಾಕಿಸಿದ ಗುಲಾಮರ ಬರೆಯಿದೆ, ಬಾಲ್ಯದಲ್ಲೇ. ರಾಜಕುಮಾರ, ಆದರೆ ಬೆತ್ತಲಾದರೆ ಗುಲಾಮ. ಅವನಿಗೂ ಬಟ್ಟೆಯೇ ವೇಷ!

ಅಗೇಹಾ ಎಂಬ ಅಲೆಮಾರಿ ನರ್ತಕನನ್ನು ಬಿಟ್ಟರೆ ಅಪಚಾರವಾದೀತು. ಸರಾಸಾ ಚಿಕ್ಕವಳಿದ್ದಾಗ ಅವಳ ಜೀವ ಉಳಿಸಲು ತನ್ನ ಒಂದು ಕಣ್ಣನ್ನೇ ಕೊಟ್ಟವನು. ಅವನೂ ಹೆಣ್ಣಿನ ಉಡುಗೆಯಲ್ಲಿ ರಂಗವೇರುತ್ತಾನೆ. ಗಂಡಾಗಿ ನಟಿಸುವ ಹುಡುಗಿ, ಹೆಣ್ಣಾಗಿ ಕುಣಿಯುವ ಗಂಡಸು, ಇಬ್ಬರೂ ಒಂದೇ ಬೆಂಕಿಯ ಪಕ್ಕ ಕೂತು ಮಾತಾಡುವ ಪುಟಗಳಲ್ಲಿ ಪುಸ್ತಕ ತನ್ನ ಎತ್ತರಕ್ಕೆ ಏರುತ್ತದೆ. ಅಗೇಹಾನ ಆ ಒಂಟಿ ಕಣ್ಣಿನಲ್ಲಿ ತಾನು ಕೊಟ್ಟ ಬೆಲೆಗೆ ತಕ್ಕವಳಾಗಿ ಇವಳು ಬೆಳೆದಾಳೆಯೇ ಎಂಬ ತೂಕ ಸದಾ ಇರುತ್ತದೆ. ಕರುಣೆಯಿಲ್ಲದ ಪ್ರೀತಿ ಅದು. ಇಡೀ ಸರಣಿಯಲ್ಲಿ ನನಗೆ ಅಚ್ಚುಮೆಚ್ಚಿನವನು ಇವನೇ, ಶೂರಿಯಲ್ಲ. ಜಗಳಕ್ಕೆ ಬರುವವರು ಬನ್ನಿ.

ಹೋಗುತ್ತ ಹೋಗುತ್ತ ತತಾರಾ ಎಂಬ ಹೆಸರಿಗೂ ಏನೋ ಆಗುತ್ತದೆ. ಅದು ಸತ್ತ ಹುಡುಗನದಾಗಿ ಉಳಿಯುವುದಿಲ್ಲ, ಸರಾಸಾಳದೂ ಆಗುವುದಿಲ್ಲ. ಊರೂರಲ್ಲಿ ಜನ ಅದನ್ನು ಎತ್ತಿಕೊಳ್ಳುತ್ತಾರೆ. ಮುಖ ನೋಡದವರೂ ಆ ಹೆಸರಿನಲ್ಲಿ ಎದ್ದು ನಿಲ್ಲುತ್ತಾರೆ. ಒಬ್ಬಳು ಸಂಕಟದ ಗಳಿಗೆಯಲ್ಲಿ ಹೇಳಿದ ಸುಳ್ಳು ಒಂದು ನಾಡಿನ ನಿಜವಾಗಿಬಿಡುವುದನ್ನು ಕಣ್ಣಾರೆ ನೋಡುವಾಗ ಮೈ ಜುಮ್ಮೆನ್ನುತ್ತದೆ. ಹಾಗಾದರೆ ಆ ಸುಳ್ಳಿನೊಳಗಿರುವ ಹುಡುಗಿ ಎಂದಾದರೂ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳಬಹುದೇ? ಹೇಳಿಕೊಂಡರೆ ಬಂಡಾಯ ಉಳಿದೀತೇ? ಕೊನೆಯ ಸಂಪುಟಗಳನ್ನು ಎಳೆದೊಯ್ಯುವುದು ಈ ಪ್ರಶ್ನೆಯೇ.

1998ರಲ್ಲಿ ಇದನ್ನು 13 ಕಂತುಗಳ ಅನಿಮೆ ಮಾಡಿದರು. ನೋಡದಿದ್ದರೂ ನಷ್ಟವಿಲ್ಲ. ಐದು ಸಾವಿರ ಪುಟದ ಕಥೆ 13 ಕಂತಿನಲ್ಲಿ ಹೇಗೆ ಹಿಡಿಸೀತು? ಬಾಗಿಲು ತೆರೆದು ಅಂಗಳ ತೋರಿಸುವಷ್ಟರಲ್ಲೇ ಮುಗಿದುಹೋಗುತ್ತದೆ. ತಮುರಾ ಅಲ್ಲಿಗೆ ನಿಲ್ಲಲಿಲ್ಲ. 2001ರಲ್ಲಿ ಉಲ್ಕಾಪಾತದ ನಂತರದ ಲೋಕದಲ್ಲಿ ಕಣ್ಣುಬಿಡುವ ತರುಣರ ‘ಸೆವೆನ್ ಸೀಡ್ಸ್’ ಹಿಡಿದು 35 ಸಂಪುಟ ಬರೆದರು. ಆಮೇಲೆ ‘ಮಿಸ್ಟರಿ ತೊ ಇಯು ನಾಕಾರೆ’ ಎಂಬ ಮಾತುಗಾರ ವಿದ್ಯಾರ್ಥಿಯ ಪತ್ತೇದಾರಿ ಸರಣಿ ಬಂತು. ಅದು 2022ರಲ್ಲಿ ಜಪಾನಿನ ಟಿವಿ ಧಾರಾವಾಹಿಯಾಗಿ ಮನೆಮಾತಾಯಿತು.

ನಮಗೆ ‘ಬಸಾರಾ’ ದಕ್ಕುವ ದಾರಿ ಇಂಗ್ಲಿಷು. ವಿಜ್ ಮೀಡಿಯಾ 2003ರಿಂದ 2008ರ ನಡುವೆ 27 ಸಂಪುಟಗಳನ್ನೂ ತಂದಿತು. ಓದುವವರಿಗೆ ಎರಡೇ ಮಾತು. ಹಿಂಬದಿಯ ಪರಿಚಯವನ್ನಾಗಲಿ, ಪಾತ್ರಗಳ ಪಟ್ಟಿಯನ್ನಾಗಲಿ ಮೊದಲೇ ನೋಡಬೇಡಿ, ಅರ್ಧ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಮುಖ್ಯ ಕಥೆ 25ನೇ ಸಂಪುಟಕ್ಕೆ ಮುಗಿಯುತ್ತದೆ, ಆದರೆ ಉಪಕಥೆಗಳೆಂದು 26, 27ನ್ನು ಬಿಡಬೇಡಿ. ರಣರಂಗದ ಗದ್ದಲದಲ್ಲಿ ಬಾಯಿಬಿಡಲು ಪುರಸೊತ್ತು ಸಿಗದ ಒಬ್ಬಿಬ್ಬರು ಅಲ್ಲಿ ಕಡೆಗೂ ಮಾತಾಡುತ್ತಾರೆ.